ಲಿಫ್ಟಿನ ಗುಂಡಿಯಲ್ಲಿ ಕೇಳಿದ ಗಂಟೆ

"ಇನ್ನೊಂದು ಸಲ ಕಳಿಸ್ತೀನಿ. ಯಾರೂ ಉಸಿರೆತ್ತಬೇಡಿ."

ಲೆಕ್ಕದ ಟೀಚರ್ ಹಾಗಂದದ್ದೇ ತಡ, ಇನ್‌ಸ್ಪೆಕ್ಟರ್ ನಿಜವಾಗಿಯೂ ಉಸಿರು ಬಿಗಿಹಿಡಿದ. ಚಿಕ್ಕಂದಿನಲ್ಲಿ ಅವರ ಕೈಯಲ್ಲೇ ಭಿನ್ನರಾಶಿ ಕಲಿತವನು. ಭುಜದ ಮೇಲೆ ನಕ್ಷತ್ರ ಬಂದರೂ ಆ ಭಯ ಬಿಟ್ಟುಹೋಗಿರಲಿಲ್ಲ. ಟೀಚರ್ ಶಾಲೆ ಬಿಟ್ಟು ಪತ್ತೇದಾರಿಕೆಗೆ ಇಳಿದು ಎಷ್ಟೋ ವರ್ಷಗಳಾಗಿದ್ದವು. ಅವನ ಬಾಯಲ್ಲಿ ಮಾತ್ರ ಇವತ್ತಿಗೂ 'ಮಿಸ್' ಎಂದೇ ಬರುತ್ತಿತ್ತು.

ಕಟ್ಟಡದ ನೆಲಮಾಳಿಗೆ. ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ಲಿಫ್ಟು ಇರಲಿಲ್ಲ, ಕೆಳಗೆ ಗ್ರೀಸಿನ ವಾಸನೆಯ ಕಪ್ಪು ಗುಂಡಿ. ಅದರ ಸಿಮೆಂಟಿನ ಅಂಚಿನ ಮೇಲೆ ಸತ್ತವನ ಮೊಬೈಲು, ಪ್ಲಾಸ್ಟಿಕ್ ಚೀಲದೊಳಗೆ. ಮೂರನೆಯವನಾಗಿ ನಿಂತಿದ್ದ ಕಾವಲುಗಾರ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಮೊನ್ನೆ ಬೆಳಿಗ್ಗೆ ರಿಪೇರಿಗೆಂದು ಇದೇ ಗುಂಡಿಗೆ ಇಳಿದ ಲಿಫ್ಟಿನ ದೊಡ್ಡ ಮೇಸ್ತ್ರಿಯ ಮೇಲೆ ಲಿಫ್ಟು ಬಂದು ಅವನು ಸತ್ತಿದ್ದ. ಮೇಲೆ ತಾರಸಿಯಲ್ಲಿ, ಲಿಫ್ಟು ನಿಲ್ಲಿಸುವ ಸ್ವಿಚ್ಚಿನ ಬಳಿ ಇದ್ದವನು ಅವನ ಒಡಹುಟ್ಟಿದ ತಮ್ಮ. ಇವತ್ತು ಸಂಜೆಯೊಳಗೆ ಬೇರೆ ಏನೂ ಸಿಗದಿದ್ದರೆ ಅಣ್ಣನನ್ನು ಕೊಂದವನು ಎಂದು ಆ ತಮ್ಮನ ಕೈಗೆ ಕೋಳ ಬೀಳುವುದಿತ್ತು.

ಟೀಚರ್ ತಮ್ಮದೇ ಫೋನಿನಿಂದ ಸತ್ತವನ ವಿಳಾಸಕ್ಕೆ ಒಂದು ಇ-ಮೇಲ್ ಕಳಿಸಿದರು.

ಠಣ್!

"ಇದೇ ಸದ್ದು ತಾಯಿ!" ಕಾವಲುಗಾರ ಬೆಚ್ಚಿದ. "ಅವತ್ತೂ ಹೀಗೇ ಠಣ್ ಅಂತು. ದೊಡ್ಡ ಮೇಸ್ತ್ರಿ ಫೋನ್ ಕಡೆ ಒಂದು ಸಲ ಕಣ್ಣು ಹಾಯಿಸಿ ಏಣಿಗೆ ಕಾಲಿಟ್ರು. ನಾನು ಟೀ ತರೋಕೆ ಆ ಕಡೆ ತಿರುಗಿದೆ ಅಷ್ಟೆ..."

"ಇದು ಕೆಲಸದ ಅಕೌಂಟು ಮಿಸ್," ಎಂದ ಇನ್‌ಸ್ಪೆಕ್ಟರ್. "ಅದಕ್ಕೆ ಬಂದಿದ್ದು ಆ ಕ್ಷಣಕ್ಕೇ ಬಂದು ಗಂಟೆ ಹೊಡಿಯತ್ತೆ. ತಮ್ಮ ಕಳಿಸಿದ, ಅಣ್ಣ ಇಳಿದ. ಆಮೇಲೆ ತಮ್ಮ ಎರಡೂ ಫೋನಲ್ಲಿ ಅಳಿಸಿಹಾಕ್ದ. ಕೇಸು ಮುಗೀತು."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋನು ನೀನು. ಆಗಲೂ ಹಾಗೇ, ಈಗಲೂ ಹಾಗೇ. ಸುಮ್ನಿರು."

ಈ ಅಣ್ಣತಮ್ಮಂದಿರ ವಿಷಯ ಲಿಫ್ಟು ರಿಪೇರಿಯವರಿಗೆಲ್ಲ ಗೊತ್ತಿತ್ತು. ಒಂದೇ ವರ್ಕ್‌ಶಾಪು, ಒಂದೇ ಮನೆ, ಒಂದೇ ಅಡುಗೆ. ಮಾತು ಮಾತ್ರ ಇಲ್ಲ! ಹಿಂದೊಮ್ಮೆ ಸವೆದ ಹಗ್ಗವೊಂದನ್ನು ತಮ್ಮ ನೋಡದೆ ಬಿಟ್ಟನೆಂದು ಅಣ್ಣ ಎಲ್ಲ ಕೆಲಸಗಾರರ ಎದುರಿಗೆ ಅವನ ಕೆನ್ನೆಗೆ ಬಾರಿಸಿದ್ದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುತ್ತದೆಯೇ? ಅಂದಿನಿಂದ ಇಬ್ಬರೂ ಬಾಯಿಗೆ ಬೀಗ ಹಾಕಿದರು. ಆದರೆ ಕೆಲಸ ನಡೆಯಬೇಕಲ್ಲ. ಅದಕ್ಕೊಂದು ದಾರಿ ಮಾಡಿಕೊಂಡರು. ತಾರಸಿಯಲ್ಲಿ ಸ್ವಿಚ್ಚು ಆರಿಸಿದ ಕೂಡಲೇ ತಮ್ಮ ಒಂದು ಮೇಲ್ ಕಳಿಸುವುದು, 'ನಿಂತಿದೆ' ಎಂದು. ಅಣ್ಣನ ಫೋನು ಠಣ್ ಎನ್ನುವುದು, ಅಣ್ಣ ಗುಂಡಿಗೆ ಇಳಿಯುವುದು. ನೆಲಮಾಳಿಗೆಯಲ್ಲಿ ಕರೆ ಸಿಗುತ್ತಿರಲಿಲ್ಲ, ಕಟ್ಟಡದ ವೈಫೈ ಮಾತ್ರ ಸಿಗುತ್ತಿತ್ತು. ಹೀಗಾಗಿ ಈ ಹುಚ್ಚು ಏರ್ಪಾಡು ಜಾಣತನದಂತೆಯೇ ಕಾಣುತ್ತಿತ್ತು. ಮಾತಾಡದಿದ್ದವರು ಜೀವವನ್ನು ಒಂದು ಗಂಟೆಯ ಕೈಗೆ ಕೊಟ್ಟು ಕೂತಿದ್ದರು.

ಟೀಚರ್ ಮೊಬೈಲನ್ನು ಎತ್ತಿಕೊಂಡರು. ಅದರಲ್ಲಿ ಮೂರು ಅಕೌಂಟುಗಳಿದ್ದವು. ಒಂದು ಕೆಲಸದ್ದು, ಒಂದು ಮನೆಯದು, ಇನ್ನೊಂದು ಮೆಕ್ಯಾನಿಕ್ಕರ ಸಂಘದ್ದು.

"ಮನೇದಕ್ಕೆ ಗಂಟೆ ಇಲ್ಲ ಅಂತ ಅಲ್ವಾ ನೀನು ಹೇಳಿದ್ದು?"

"ಹೌದು ಮಿಸ್. ಅವರ ಹೆಂಡ್ತೀನೇ ಹೇಳಿಕೆ ಕೊಟ್ಟಿದ್ದಾರೆ. ಮನೆ ಮೇಲ್‌ನ ಅವರಾಗೇ ತೆಗೆದು ನೋಡಿದಾಗ ಮಾತ್ರ ಬರ್ತಿತ್ತಂತೆ. ಕೆಲಸದ ಹೊತ್ತಲ್ಲಿ ಬೇರೆ ಸದ್ದು ಬೇಡ ಅಂತ ಅಣ್ಣನೇ ಹಾಗೆ ಇಟ್ಕೊಂಡಿದ್ದ."

ಟೀಚರ್ ಸಂಘದ ವಿಳಾಸಕ್ಕೊಂದು ಮೇಲ್ ಕಳಿಸಿದರು. ಮೂವರೂ ಕಾದರು. ಫೋನು ಗಪ್‌ಚಿಪ್. ಆಮೇಲೆ ಮನೆಯ ವಿಳಾಸಕ್ಕೆ ಕಳಿಸಿದರು.

ಠಣ್!

ಇನ್‌ಸ್ಪೆಕ್ಟರನ ಕೈ ಜೇಬಿನಲ್ಲಿದ್ದ ಹೇಳಿಕೆಯ ಕಾಗದಕ್ಕೆ ಹೋಯಿತು.

"ಅದೇ ಗಂಟೆ," ಎಂದರು ಟೀಚರ್. "ಕಣ್ಣು ಮಿಟುಕಿಸೋದ್ರೊಳಗೆ ಬಂತು. ಯಾರೋ ಮನೆ ಅಕೌಂಟನ್ನೂ ತಕ್ಷಣ ತಲುಪೋ ಹಾಗೆ ಬದಲಾಯಿಸಿದ್ದಾರೆ. ಅವತ್ತು ಬಾರಿಸಿದ ಗಂಟೆ ಯಾವ ಅಕೌಂಟಿಂದು ಅಂತ ನಿನಗೇನು ಗೊತ್ತು?"

"ಆದ್ರೆ ಆ ಅಕೌಂಟಲ್ಲಿ ಅವತ್ತಿನ ಒಂದು ಮೇಲ್ ಕೂಡ ಇಲ್ಲ ಮಿಸ್."

"ಕಸದ ಬುಟ್ಟಿ ನೋಡು. ಅದೂ ಖಾಲಿ. ಇಷ್ಟು ವರ್ಷದಲ್ಲಿ ಒಂದು ಜಾಹೀರಾತನ್ನೂ ಅಳಿಸದೋನು ಸಾಯೋ ದಿನ ಕೂತು ಗುಡಿಸಿ ಸಾರಿಸ್ತಾನಾ?" ಟೀಚರ್ ಕಾವಲುಗಾರನ ಕಡೆ ತಿರುಗಿದರು. "ಪೊಲೀಸರು ಬರೋಕೆ ಮುಂಚೆ ಈ ಫೋನ್ ಮುಟ್ಟಿದೋರು ಯಾರಪ್ಪಾ?"

ಅವನು ಟೋಪಿಯನ್ನು ಹಿಂಡಿದ. "ಚಿಕ್ಕ ಮೇಸ್ತ್ರಿ ಒಬ್ರೇ. ಲಿಫ್ಟನ್ನ ಮೇಲೆತ್ತಿ ನಿಲ್ಲಿಸಿ, ತಾರಸಿಯಿಂದ ಓಡಿಬಂದು ಗುಂಡಿಗೆ ಇಳಿದು ಅಣ್ಣನ ತಲೆ ತೊಡೆ ಮೇಲೆ ಇಟ್ಕೊಂಡ್ರು. ಫೋನೂ ಅಲ್ಲೇ ಬಿದ್ದಿತ್ತು. ನನ್ನನ್ನ ಆಂಬ್ಯುಲೆನ್ಸಿಗೆ ಅಂತ ಓಡಿಸಿದ್ರು."

* * *

ವರ್ಕ್‌ಶಾಪಿನ ಬಾಗಿಲಲ್ಲಿ ಪೇದೆಯೊಬ್ಬ ಸ್ಟೂಲು ಹಾಕಿಕೊಂಡು ಕೂತಿದ್ದ. ಚಿಕ್ಕ ಮೇಸ್ತ್ರಿ ತಪ್ಪಿಸಿಕೊಳ್ಳದಿರಲಿ ಎಂದು ಇನ್‌ಸ್ಪೆಕ್ಟರ್ ಬೆಳಿಗ್ಗೆಯಿಂದ ಕೂರಿಸಿದ್ದ ಕಾವಲು ಅದು.

ಒಳಗೆ ಚಿಕ್ಕ ಮೇಸ್ತ್ರಿ ಉಕ್ಕಿನ ಹಗ್ಗವೊಂದನ್ನು ಬೆಳಕಿಗೆ ಹಿಡಿದು ಎಳೆ ಎಳೆಯಾಗಿ ತಡವುತ್ತಿದ್ದ. ಮೂವತ್ತು ದಾಟಿರದ ಪ್ರಾಯ. ಎರಡು ದಿನದ ಗಡ್ಡ. ಕಣ್ಣಿನ ಕೆಳಗೆ ಮಸಿ ಬಳಿದಂತಿತ್ತು. ಟೀಚರನ್ನು ನೋಡಿ ಎದ್ದು ನಿಂತು, ಸ್ಟೂಲನ್ನು ಹಳೆಬಟ್ಟೆಯಿಂದ ಒರೆಸಿ ಕೊಟ್ಟ.

"ಅತ್ತಿಗೆ ನಿಮ್ಮನ್ನ ಸುಮ್ನೆ ಅಲೆದಾಡಿಸ್ತಿದ್ದಾರೆ," ಎಂದ. "ನಂದೇನೂ ಉಳಿದಿಲ್ಲ ಟೀಚರ್. ನಾನೇ ಕಳಿಸಿದೆ ಅಂತ ಬರ್ಕೊಳ್ಳಿ. ಮುಗೀತಲ್ಲ."

"ಪರೀಕ್ಷೇಲಿ ಲೆಕ್ಕ ಬಿಡಿಸದೆ ಉತ್ತರ ಮಾತ್ರ ಬರೆದೋರಿಗೆ ನಾನು ಸೊನ್ನೆ ಕೊಡ್ತಿದ್ದೆ. ಹೇಗೆ ಕಳಿಸಿದೆ, ಹೇಳು."

"ಹೇಗೆ ಅಂದ್ರೆ... ಫೋನಿಂದ."

"ನಿನ್ನ ಕೆಲಸದ ಅಕೌಂಟಿಂದ?"

"ಹೂಂ."

"ಸುಳ್ಳು. ಗಂಟೆ ಹೊಡೆದಿದ್ದು ಮನೆ ಅಕೌಂಟು."

ಹಗ್ಗ ಅವನ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಸುರುಳಿ ಬಿಚ್ಚಿಕೊಂಡಿತು. ಅವನು ಬಗ್ಗಿ ಎತ್ತಿಕೊಳ್ಳಲೂ ಇಲ್ಲ. ಬಾಗಿಲಿನ ಪೇದೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಯಾರಿಗೆ ಹೇಳಿದ್ದೀರಿ ಇದನ್ನ?"

"ಹೇಳಬೇಕಾದೋರಿಗೆ ಹೇಳ್ತೀನಿ. ಮೊದಲು ನೀನು ಹೇಳು. ಆ ಮೇಲ್ ಅಳಿಸಿದ್ದು ನೀನೇ ತಾನೆ?"

ಅವನು ಬಿದ್ದ ಹಗ್ಗವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ ಮಾತು ಟೀಚರಿಗೆ ಆ ದಿನವಿಡೀ ಕಿವಿಯಲ್ಲಿ ಉಳಿಯಿತು.

"ಹೌದು. ಅಣ್ಣನ ಹೆಬ್ಬೆರಳು ಒತ್ತಿ ಫೋನ್ ತೆಗೆದೆ. ಕೈ ಇನ್ನೂ ಬೆಚ್ಚಗಿತ್ತು."

ತೊಡೆಯ ಮೇಲೆ ಅಣ್ಣನ ತಲೆ, ಕೈಯಲ್ಲಿ ಅಣ್ಣನ ಹೆಬ್ಬೆರಳು! ಆದರೆ ಎದುರಿಗಿದ್ದವನ ತುಟಿ ನಡುಗುತ್ತಿತ್ತು, ಕಣ್ಣು ತುಂಬಿತ್ತು. ಅದನ್ನು ನೋಡಿ ಅವರ ಮನಸ್ಸು ಕರಗಿಹೋಯಿತು.

"ಏನಿತ್ತು ಅದರಲ್ಲಿ?"

"ಒಂದೇ ಮಾತು. ನಿಂತಿದೆ ಅಂತ. ಪರದೆ ಮೇಲೆ ಅದು ದಪ್ಪಕ್ಷರದಲ್ಲಿ ಕಾಣ್ತಿತ್ತು. ಕಳಿಸಿದೋರ ಹೆಸರು ಮೇಲೆ ಸಣ್ಣಕ್ಕೆ. ಅಣ್ಣ ಹೆಸರು ಯಾಕೆ ನೋಡ್ತಾನೆ? ಆ ಮಾತು ಕಳಿಸೋನು ನಾನೊಬ್ಬನೇ ಅಲ್ವಾ. ನಾನು ಆಗಿನ್ನೂ ತಾರಸಿ ಬೀಗ ತೆಗೀತಿದ್ದೆ ಟೀಚರ್. ಸ್ವಿಚ್ಚು ಮುಟ್ಟಿರ್ಲಿಲ್ಲ."

"ಯಾರ ಹೆಸರಿತ್ತು?"

"ಬೇಡ."

"ಯಾರನ್ನ ಕಾಯ್ತಿದ್ದೀಯ ನೀನು? ನಿನ್ನ ಕುತ್ತಿಗೆಗೆ ಹಗ್ಗ ಬರ್ತಿದೆ ಕಣೋ!"

"ಬರ್ಲಿ." ಅವನು ಗೋಡೆಗೆ ಒರಗಿದ. "ಅವರು ನಮ್ಮನೆಗೆ ಬಂದಾಗ ನನಗೆ ಶೂ ದಾರ ಕಟ್ಟೋಕೆ ಬರ್ತಿರ್ಲಿಲ್ಲ. ಅಮ್ಮ ಇಲ್ಲದ ಮನೆ. ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕ ಕೂತಿದ್ದು, ಅಣ್ಣ ಹೊಡೆದ ದಿನ ಕೆನ್ನೆಗೆ ಮುಲಾಮು ಹಚ್ಚಿದ್ದು ಎಲ್ಲ ಅವರೇ. ಯಾಕೆ ಹೀಗೆ ಮಾಡಿದ್ರೋ, ಅವರಿಗೇನು ಕಷ್ಟ ಇತ್ತೋ, ನಾನು ಕೇಳಲ್ಲ. ಸಂಜೆ ನಾನೇ ಸ್ಟೇಷನ್ನಿಗೆ ಹೋಗಿ ಒಪ್ಕೋತೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಅವರನ್ನ ಏನೂ ಕೇಳಬೇಡಿ."

ಅವನು ನಿಜವಾಗಿಯೂ ಬಗ್ಗಿದ. ಟೀಚರ್ ಭುಜ ಹಿಡಿದು ಎತ್ತಿದರು.

ಹೊರಗೆ ಬಂದವರೇ ಇನ್‌ಸ್ಪೆಕ್ಟರಿಗೆ ಫೋನು ಮಾಡಿದರು. "ಇವನಲ್ಲ ಕಣೋ. ನಿನ್ನ ಪೇದೆನ ವಾಪಸ್ ಕರೆಸ್ಕೋ. ನನ್ನ ಮಾತಿನ ಮೇಲೆ ಬಿಡು."

"ಮಿಸ್, ಮೇಲಿನೋರು ನನ್ನ ಚರ್ಮ ಸುಲೀತಾರೆ."

"ಸುಲೀಲಿ. ನಾನು ಬಂದು ಹೊಲಿದು ಕೊಡ್ತೀನಿ. ಕರೆಸ್ಕೋ."

ಅವರು ಬೀದಿಯ ಕೊನೆ ತಲುಪುವ ಹೊತ್ತಿಗೆ ಪೇದೆ ಸ್ಟೂಲು ಒಳಗಿಟ್ಟು ಹೊರಟಿದ್ದ.

* * *

ತಮ್ಮನ್ನು ನೇಮಿಸಿಕೊಂಡವಳ ಮೇಲೆಯೇ ಅನುಮಾನ ಪಡುವುದು ಟೀಚರಿಗೆ ಹೊಸದಲ್ಲ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಅವರು ಬೇಕಾದಷ್ಟು ಕಂಡಿದ್ದರು. ಆದರೂ ಸತ್ತವನ ಮನೆಯ ಮೆಟ್ಟಿಲ ಬಳಿ ಒಂದು ಗಳಿಗೆ ನಿಂತರು. 'ನನ್ನ ಮೈದುನ ಇರುವೆಗೂ ನೋವು ಮಾಡೋನಲ್ಲ, ಅವನನ್ನ ಉಳಿಸಿಕೊಡಿ' ಎಂದು ಎರಡು ದಿನದ ಹಿಂದೆ ಇದೇ ಹೆಂಗಸು ಅವರ ಕೈ ಹಿಡಿದು ಅತ್ತಿದ್ದಳು. ಆ ಅಳು ಸುಳ್ಳಾಗಿದ್ದರೆ ತಾನು ಇಷ್ಟು ವರ್ಷ ಮಕ್ಕಳ ಮುಖ ಓದಿದ್ದೆಲ್ಲ ದಂಡ ಎಂದುಕೊಂಡರು.

ಅವಳು ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಉದ್ದನೆಯ ಮೇಜು, ಗೋಡೆಯ ತುಂಬ ಕಾಗದದ ಮಾದರಿಗಳು. ಕತ್ತರಿಸಬೇಕಿದ್ದ ಬಟ್ಟೆಯನ್ನು ಮೇಜಿನ ಮೇಲೆ ಹರಡಿಕೊಂಡು, ಕತ್ತರಿಯನ್ನು ಮುಟ್ಟದೆ ಸುಮ್ಮನೆ ನಿಂತಿದ್ದಳು.

"ಕೆಲಸ ಹಿಡಿದ್ರೆ ಮನಸ್ಸು ನಿಲ್ಲತ್ತೆ ಅಂದ್ಕೊಂಡೆ," ಎಂದಳು. "ಗೆರೆ ಹಾಕೋಕೂ ಕೈ ಬರ್ತಿಲ್ಲ. ಕೂತ್ಕೊಳ್ಳಿ ಟೀಚರ್. ಏನಾದ್ರೂ ಸಿಕ್ತಾ?"

ಟೀಚರ್ ಕೂರಲಿಲ್ಲ. "ನಿಮ್ಮೆಜಮಾನರ ಫೋನಲ್ಲಿ ಮನೆ ಅಕೌಂಟಿಗೆ ಗಂಟೆ ಇಟ್ಟೋರು ಯಾರಮ್ಮಾ?"

ಅವಳು ಒಂದಿಷ್ಟೂ ತಡವರಿಸಲಿಲ್ಲ. ಅದೇ ಟೀಚರಿಗೆ ಆಶ್ಚರ್ಯವಾಯಿತು.

"ನಾನೇ. ಹಿಂದಿನ ದಿನ, ಅವರು ಸ್ನಾನಕ್ಕೆ ಹೋದಾಗ." ಅವಳ ಮುಖದಲ್ಲಿ ಅಳುವಿನ ನಡುವೆಯೇ ಒಂದು ಹಳೆಯ ಮುನಿಸು ಸುಳಿಯಿತು. "ಮಾತೇ ಆಡದ ತಮ್ಮನ ಮೇಲಿಗೆ ಗಂಟೆ. ಕಟ್ಕೊಂಡ ಹೆಂಡ್ತಿ ಮೇಲಿಗೆ ಏನೂ ಇಲ್ಲ! ಬರ್ತಾ ದಾರ ತನ್ನಿ, ತಡ ಮಾಡ್ಬೇಡಿ ಅಂತ ನಾನು ಕಳಿಸಿದ್ದೆಲ್ಲ ಅವರು ಮನೆಗೆ ಬಂದು ಕಾಲು ಚಾಚಿದ ಮೇಲೇ ಓದೋದು. ಎಷ್ಟು ಸಲ ಜಗಳ ಆಡಿದ್ದೀನಿ. ಹೇಳಿ ಹೇಳಿ ಸಾಕಾಗಿ, ಹೇಗೆ ಅಂತ ಮೈದುನನ್ನ ಕೇಳ್ಕೊಂಡು ನಾನೇ ಬದಲಾಯಿಸ್ದೆ. ನಂದೂ ಠಣ್ ಅನ್ಲಿ, ಆಗ ಗೊತ್ತಾಗತ್ತೆ ಅಂತ."

"ಅವರಿಗೆ ಹೇಳಿದ್ರಾ?"

"ಇಲ್ಲ. ಪೊಲೀಸರು ಕೇಳಿದಾಗ್ಲೂ ಮೊದಲಿಂದ ಹೇಗಿತ್ತೋ ಅದನ್ನೇ ಹೇಳ್ದೆ, ಇದು ನೆನಪಾಗ್ಲಿಲ್ಲ. ಮೊದಲನೇ ಸಲ ಬಾರಿಸಿದಾಗ ತಾವೇ ನೋಡಿ ನಗಲಿ ಅಂತಿದ್ದೆ."

ಮೊದಲನೇ ಸಲ! ಟೀಚರ್ ಈಗ ಕೂತರು. ಕೂತು, ಏನನ್ನೂ ಮುಚ್ಚಿಡದೆ ಹೇಳಿದರು. ಗುಂಡಿಯಲ್ಲಿ ಬಾರಿಸಿದ್ದು ಮನೆಯ ಗಂಟೆ ಎಂದು, ಅದರಲ್ಲಿ 'ನಿಂತಿದೆ' ಎಂದಿತ್ತೆಂದು, ಅದು ಅವಳ ಹೆಸರಿನಿಂದ ಬಂದಿತ್ತೆಂದು. ಮೈದುನ ಅದನ್ನು ಅಳಿಸಿ ತಪ್ಪು ತನ್ನ ತಲೆಯ ಮೇಲೆ ಹೊತ್ತುಕೊಳ್ಳಲು ಹೊರಟಿದ್ದನ್ನೂ ಹೇಳಿದರು.

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಮೊದಲು ಮುಖದ ಬಣ್ಣ ಹೋಯಿತು. ಆಮೇಲೆ ದನಿ ಏರಿತು.

"ನಾನಾ? ನಾನು ಅವರನ್ನ? ಏನ್ ಮಾತಾಡ್ತಿದ್ದೀರಿ ನೀವು! ಅವತ್ತು ನಾನು ಒಂದೂ ಮೇಲ್ ಕಳಿಸಿಲ್ಲ. ಬೆಳಗಿಂದ ಅಳತೆ ತಗೊಳ್ತಾ ನಿಂತಿದ್ದೆ, ಕೈಯಲ್ಲಿ ಟೇಪು, ಬಾಯಲ್ಲಿ ಪಿನ್ನು. ಬೇಕಾದ್ರೆ ನೋಡಿ, ತಗೊಳ್ಳಿ, ನೀವೇ ನೋಡಿ!"

ಅವಳು ತನ್ನ ಫೋನನ್ನು ಮೇಜಿನ ಮೇಲೆ ತಳ್ಳಿದಳು. ಟೀಚರ್ ಅದರಿಂದ ಹೋದ ಮೇಲುಗಳ ಪಟ್ಟಿ ತೆರೆದರು. ಮೊದಲ ಸಾಲಿನಲ್ಲೇ ಇತ್ತು. ಮೊನ್ನೆ ಬೆಳಿಗ್ಗೆ, ಗಂಡನ ವಿಳಾಸಕ್ಕೆ. ಒಂದೇ ಪದ.

ಅದನ್ನು ಕಂಡು ಆ ಹೆಂಗಸು ಕಿರುಚಲಿಲ್ಲ, ಆಣೆ ಇಡಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, ಕೂಡಿಸಿ ಓದುವ ಮಗುವಿನ ಹಾಗೆ ಮತ್ತೆ ಮತ್ತೆ ಓದಿದಳು. "ಇದು ನಾನು ಬರೆದಿದ್ದಲ್ಲ," ಎಂದಳು ಮೆಲ್ಲಗೆ. "ನನ್ನ ಹೆಸರಲ್ಲಿ ಯಾರೋ ಅವರನ್ನ ಕರೆದಿದ್ದಾರೆ. ಕೊನೇ ಗಳಿಗೇಲಿ ಅವರು ಮೇಲಿನ ಹೆಸರೂ ನೋಡಿದ್ರೆ? ನಾನೇ ಕೊಂದೆ ಅಂದ್ಕೊಂಡು ಹೋದ್ರಾ ಟೀಚರ್?"

ಅಲ್ಲಿಗೆ ಅವಳ ಧೈರ್ಯ ಮುಗಿಯಿತು. ಬಟ್ಟೆಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಟೀಚರ್ ಬೆನ್ನು ಸವರುತ್ತ ನಿಂತರು. ಕಾಪಿ ಹೊಡೆದವರ ಅಳು ಬೇರೆ, ಹೊಡೆಯದೆ ಸಿಕ್ಕಿಬಿದ್ದವರ ಅಳು ಬೇರೆ. ಇದು ಎರಡನೆಯದು ಎನ್ನುವುದರಲ್ಲಿ ಅವರಿಗೆ ಸಂಶಯ ಉಳಿಯಲಿಲ್ಲ.

ಹಾಗಾದರೆ ಕಳಿಸಿದ್ದು ಯಾರು?

ಒಬ್ಬನ ಫೋನಿನಲ್ಲಿ ಮೂರು ಅಕೌಂಟು ಇರಬಹುದಾದರೆ, ಒಂದು ಅಕೌಂಟು ಎರಡು ಫೋನಿನಲ್ಲಿ ಯಾಕಿರಬಾರದು? ಇಷ್ಟು ಸುಲಭದ ಲೆಕ್ಕ ಇಷ್ಟು ಹೊತ್ತು ಹೊಳೆಯಲಿಲ್ಲವಲ್ಲ ಎಂದು ಟೀಚರ್ ತಮ್ಮನ್ನೇ ಬೈದುಕೊಂಡರು. ಅವಳ ಅಕೌಂಟಿನ ಸೆಟ್ಟಿಂಗು ತೆರೆದು ನೋಡಿದರು. ಅದು ಯಾವ ಯಾವ ಸಾಧನದಲ್ಲಿ ತೆರೆದಿದೆ ಎಂದು ತೋರಿಸುವ ಜಾಗದಲ್ಲಿ ಎರಡು ಹೆಸರಿದ್ದವು. ಒಂದು ಈ ಫೋನು. ಇನ್ನೊಂದು ಹಳೆಯ ಮಾದರಿಯದು. ಅದನ್ನು ಕೊನೆಯದಾಗಿ ಬಳಸಿದ್ದು ಮೊನ್ನೆ ಬೆಳಿಗ್ಗೆ.

"ಅಮ್ಮಾ, ಕಣ್ಣೊರೆಸ್ಕೊಳ್ಳಿ. ನೀವಲ್ಲ ಅಂತ ನನಗೆ ಗೊತ್ತಾಯ್ತು. ನಿಮ್ಮ ಅಕೌಂಟು ಇನ್ನೊಂದು ಫೋನಲ್ಲೂ ಇದೆ. ಕಳಿಸಿದ್ದು ಅದರಿಂದ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಎರಡು ದಿನದಲ್ಲಿ ಮೊದಲ ಬಾರಿಗೆ ಆ ಮುಖದಲ್ಲಿ ಜೀವ ಬಂದಿತ್ತು.

"ಅಂದ್ರೆ ನಾನಲ್ಲ. ಅವನೂ ಅಲ್ಲ! ಅವನು ಅಲ್ಲ ಅಂತಾಯ್ತಲ್ಲ ಟೀಚರ್? ನನಗೋಸ್ಕರ ಜೈಲಿಗೆ ಹೋಗ್ತೀನಿ ಅಂದ್ನಾ ಹುಚ್ಚಪ್ಪ? ಹೇಳಿದ್ನಲ್ಲ ನಾನು, ಅವನ ಮನಸ್ಸು ಹಾಲಿನಂಥದ್ದು ಅಂತ!"

"ನಿಮ್ಮ ಹಳೇ ಫೋನ್ ಎಲ್ಲಿದೆ?"

"ಅದಾ? ಮನೇಲೇ ಇರ್ಬೇಕು. ನಾನು ಹೊಸದು ತಗೊಂಡಾಗ ಅವನದ್ದು ಕೆಟ್ಟುಹೋಗಿತ್ತು, ಪಾಪ. ಬಿಸಾಡೋದ್ಯಾಕೆ ಅಂತ ಅವನಿಗೇ ಕೊಟ್ಟೆ."

ಟೀಚರ್ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟರು. ಅವನು ಬಗ್ಗಿದಾಗ ತಾವೇ ಭುಜ ಹಿಡಿದು ಎತ್ತಿದ್ದು, ಪೇದೆಯನ್ನು ತಾವೇ ಕಳಿಸಿಬಿಟ್ಟದ್ದು ಎದೆಯೊಳಗೆ ಚುಚ್ಚಿತು. ಕೊಟ್ಟವಳಿಗೆ ಇನ್ನೂ ಏನೂ ಹೊಳೆದಿರಲಿಲ್ಲ. ಅವಳು ಸಂತೋಷದಿಂದ ನೋಡುತ್ತಿದ್ದಳು. ಇವಳಿಗೆ ಇದನ್ನು ಯಾವ ಬಾಯಿಂದ ಹೇಳುವುದು?

ಕೆಳಗೆ ಬೈಕು ನಿಂತ ಸದ್ದಾಯಿತು.

"ಬಂದ! ಆಯಸ್ಸು ಗಟ್ಟಿ ಅವನಿಗೆ," ಎಂದು ಅತ್ತಿಗೆ ಬಾಗಿಲಿಗೆ ಓಡಿದಳು. ಟೀಚರ್ ಕೈ ಚಾಚಿ ತಡೆಯುವಷ್ಟರಲ್ಲಿ ಚಿಲಕ ತೆಗೆದಾಗಿತ್ತು. ಹೊಸ್ತಿಲಲ್ಲಿ ಚಿಕ್ಕ ಮೇಸ್ತ್ರಿ, ಹೆಲ್ಮೆಟ್ಟು ಕೈಯಲ್ಲಿ. ಅವಳು ಅವನ ಎರಡೂ ಕೆನ್ನೆ ಹಿಡಿದುಕೊಂಡು ಅಳುತ್ತ ನಕ್ಕಳು.

"ಉಳ್ಕೊಂಡ್ಯಲ್ಲೋ ಕಂದಾ! ಟೀಚರ್ ಎಲ್ಲಾ ಕಂಡುಹಿಡಿದ್ರು. ನನ್ನ ಹಳೇ ಫೋನಿಂದ ಯಾರೋ ಕಳಿಸಿದ್ದಂತೆ. ಎಲ್ಲಿಟ್ಟಿದ್ದೀಯ ಅದನ್ನ? ಬೇಗ ತಂದು ಅವರ ಕೈಗೆ ಕೊಡು."

ಅವನು ಅತ್ತಿಗೆಯ ತಲೆಯ ಮೇಲಿಂದ ಟೀಚರನ್ನು ನೋಡಿದ. ವರ್ಕ್‌ಶಾಪಿನಲ್ಲಿ ಕಂಡಿದ್ದ ನಡುಕ ಆ ತುಟಿಯಲ್ಲಿ ಈಗ ಇರಲಿಲ್ಲ.

"ಕೊಡ್ತೀನಿ ಅತ್ತಿಗೆ," ಎಂದ. ಒಳಗೆ ಬಂದು, ಬೆನ್ನ ಹಿಂದೆ ಬಾಗಿಲು ಮುಚ್ಚಿ, ಚಿಲಕ ಹಾಕಿದ.